ಕೆಚ್ಚಲಿನ ಬಾಗಿಲು
(ಬಾನುಲಿ ಭಾಷಣದ ಬರಹರೂಪ)

ಹಾಲನ್ನು ಹೊಗಳದ ಕವಿ ನಮ್ಮಲ್ಲಿ ಇಲ್ಲವೆಂದೇ ಹೇಳಬೇಕು. ಹಾಲುಗಡಲು, ಹಾಲುಬೆಳದಿಂಗಳು, ಹಾಲಿನಂಥ ಮನಸ್ಸು ಎಂದು ನಮ್ಮ ನುಡಿಯ ತುಂಬ ಹಾಲು ಹರಿದಿದೆ. ಆದರೆ ಆ ಹಾಲು ಹೊರಡುವ ಕೆಚ್ಚಲಿನ ಯೋಗಕ್ಷೇಮವನ್ನು ವಿಚಾರಿಸಿದವರು ವಿರಳ. ನಾನು ಕವಿಯಲ್ಲ, ಪಶುವೈದ್ಯ. ಭಟ್ಕಳ, ಹೊನ್ನಾವರ, ಕುಮಟಾ ಎಂಬ ಮೂರು ತಾಲೂಕುಗಳ ಕೊಟ್ಟಿಗೆಗಳಲ್ಲಿ ಬದುಕಿನ ಬಹುಭಾಗವನ್ನು ಕಳೆದು ಈಗ ನಿವೃತ್ತನಾಗಿದ್ದೇನೆ. ಆದ್ದರಿಂದ ಇಂದು ಕೆಚ್ಚಲಿನ ವಿಷಯವನ್ನೇ, ಅದಕ್ಕೆ ಬರುವ ಬಾವಿನ ವಿಷಯವನ್ನೇ ಮಾತನಾಡಲು ಒಪ್ಪಿಕೊಂಡಿದ್ದೇನೆ.

ಪೇಟೆಯಲ್ಲಿರುವ ಕೇಳುಗರು, ‘ನಮ್ಮ ಮನೆಯಲ್ಲಿ ಹಸುವಿಲ್ಲ, ಈ ಮಾತು ನಮಗೇಕೆ?’ ಎಂದಾರು. ಹಸುವಿಲ್ಲದ ಮನೆ ಉಂಟು, ಹಾಲಿಲ್ಲದ ಮನೆ ಇಲ್ಲ. ವರ್ತನೆಯ ಹಾಲಾಗಲಿ ಪೊಟ್ಟಣದ ಹಾಲಾಗಲಿ, ಬೆಳಗಿನ ಕಾಫಿಯ ಲೋಟಕ್ಕೂ ಯಾವುದೋ ಊರಿನ ಯಾವುದೋ ಕೆಚ್ಚಲಿಗೂ ನಂಟು ಇದ್ದೇ ಇದೆ. ಆ ಕೆಚ್ಚಲು ನೊಂದರೆ ಅದರ ಫಲ ನಿಮ್ಮ ಲೋಟದವರೆಗೂ ಬರುತ್ತದೆ. ಅದು ಹೇಗೆಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು ಕೆಚ್ಚಲಿನ ರಚನೆಯನ್ನು ತಿಳಿಯೋಣ. ಹೊರಗಿನಿಂದ ಒಂದೇ ಚೀಲದಂತೆ ಕಂಡರೂ ಹಸುವಿನ ಕೆಚ್ಚಲು ನಾಲ್ಕು ಕೋಣೆಗಳ ಮನೆ. ಒಂದೊಂದು ಕೋಣೆಗೆ ಒಂದೊಂದು ಮೊಲೆ. ಒಂದು ಕೋಣೆಯ ಹಾಲು ಇನ್ನೊಂದಕ್ಕೆ ಹರಿಯುವುದಿಲ್ಲ, ನಡುವೆ ಗೋಡೆಗಳಿವೆ. ಒಂದು ಲೀಟರು ಹಾಲು ಸಿದ್ಧವಾಗಬೇಕಾದರೆ ಸುಮಾರು 400ರಿಂದ 500 ಲೀಟರಿನಷ್ಟು ರಕ್ತ ಕೆಚ್ಚಲಿನ ಮೂಲಕ ಹಾದುಹೋಗಬೇಕು ಎಂದು ಶರೀರಶಾಸ್ತ್ರ ಹೇಳುತ್ತದೆ. ಅಷ್ಟು ದುಡಿಯುವ ಅಂಗಕ್ಕೆ ಹೊರಲೋಕದ ಕಡೆಗೆ ತೆರೆದ ಬಾಗಿಲೆಂದರೆ ಮೊಲೆಯ ತುದಿಯಲ್ಲಿರುವ ಒಂದು ಸಣ್ಣ ನಾಳ. ಅದರ ಉದ್ದ ಒಂದು ಸೆಂಟಿಮೀಟರಿನ ಆಸುಪಾಸು, ಅಷ್ಟೇ.

ಈ ಪುಟ್ಟ ಬಾಗಿಲಿಗೆ ಪ್ರಕೃತಿ ಎರಡು ಕಾವಲುಗಳನ್ನು ಇಟ್ಟಿದೆ. ಒಂದು, ನಾಳದ ಸುತ್ತ ಉಂಗುರದಂತಿರುವ ಸ್ನಾಯು; ಹಾಲು ಕರೆಯದ ಹೊತ್ತಿನಲ್ಲಿ ಅದು ಬಾಗಿಲನ್ನು ಬಿಗಿದು ಮುಚ್ಚಿರುತ್ತದೆ. ಇನ್ನೊಂದು, ನಾಳದ ಒಳಗೋಡೆಗೆ ಮೆತ್ತಿಕೊಂಡಿರುವ ಮೇಣದಂಥ ಪದಾರ್ಥ. ನಮ್ಮ ಉಗುರಿನಲ್ಲಿಯೂ ಕೂದಲಿನಲ್ಲಿಯೂ ಇರುವ ಕೆರಟಿನ್ ಎಂಬುದೇ ಅದು. ಒಳನುಗ್ಗಲು ಬಂದ ರೋಗಾಣು ಈ ಮೇಣಕ್ಕೆ ಅಂಟಿ ಅಲ್ಲಿಯೇ ನಿಲ್ಲುತ್ತದೆ. ಮುಂದಿನ ಸಲ ಹಾಲು ಕರೆಯುವಾಗ ಮೊದಲ ಧಾರೆಯೊಂದಿಗೆ ಕೊಚ್ಚಿಹೋಗುತ್ತದೆ. ಈ ಎರಡನ್ನೂ ದಾಟಿ ಒಳಹೊಕ್ಕ ರೋಗಾಣುವನ್ನು ಎದುರಿಸಲು ರಕ್ತದಿಂದ ಬಿಳಿಯ ಕಣಗಳು ಧಾವಿಸಿ ಬರುತ್ತವೆ. ಆ ಕಾಳಗಕ್ಕೆ ನಾವು ಕೆಚ್ಚಲು ಬಾವು ಎಂದು ಹೆಸರಿಟ್ಟಿದ್ದೇವೆ.

ಕಾಳಗ ಜೋರಾದರೆ ಎಲ್ಲರಿಗೂ ಕಾಣುತ್ತದೆ. ಕೆಚ್ಚಲಿನ ಒಂದು ಭಾಗ ಊದಿ, ಬಿಸಿಯಾಗಿ, ಕಲ್ಲಿನಂತೆ ಗಟ್ಟಿಯಾಗುತ್ತದೆ. ಹಸು ಮುಟ್ಟಗೊಡುವುದಿಲ್ಲ. ಹಾಲಿನಲ್ಲಿ ಗರಣೆ ಬರುತ್ತದೆ, ಇಲ್ಲವೆ ನೀರಿನಂತಾಗುತ್ತದೆ, ಕೆಲವೊಮ್ಮೆ ರಕ್ತದ ಎಳೆಯೂ ಸೇರುತ್ತದೆ. ಮನೆಯವರು ‘ಯಾರದೋ ಕಣ್ಣು ಬಿತ್ತು’ ಎನ್ನುತ್ತಾರೆ. ಆ ಮಾತಿಗೆ ನಾನು ನಕ್ಕವನಲ್ಲ. ಕಣ್ಣಿಗೆ ಕಾಣದ ಯಾವುದೋ ಒಂದು ಹೊರಗಿನಿಂದ ಬಂದು ಕೆಡಿಸಿತೆಂಬ ಅವರ ಅನುಮಾನದಲ್ಲಿ ಅರ್ಧ ನಿಜವಿದೆ. 1880ರ ದಶಕದಲ್ಲಿ ಫ್ರಾನ್ಸಿನ ಪಶುವೈದ್ಯ ಎಡ್ಮಂಡ್ ನೊಕಾರ್ ಮತ್ತು ಅವನ ಜೊತೆಗಾರ ಮೊಲ್ಲರೋ, ಒಂದು ಹಸುವಿನಿಂದ ಇನ್ನೊಂದಕ್ಕೆ ಹಬ್ಬುವ ಕೆಚ್ಚಲು ಬಾವಿನ ಹಾಲಿನಲ್ಲಿ ಸರದಂತೆ ಪೋಣಿಸಿಕೊಂಡ ರೋಗಾಣುಗಳನ್ನು ಕಂಡು ವಿವರಿಸಿದರು. ಕಣ್ಣಿಗೆ ಕಾಣದ್ದು ಸೂಕ್ಷ್ಮದರ್ಶಕಕ್ಕೆ ಕಂಡಿತು.

ಆದರೆ ನಾನು ಇಂದು ಹೆಚ್ಚು ಹೇಳಬೇಕೆಂದಿರುವುದು ಕಾಣುವ ಬಾವಿನ ಬಗೆಗಲ್ಲ, ಕಾಣದ ಬಾವಿನ ಬಗೆಗೆ. ಕಾಳಗ ಮೆಲ್ಲನೆ, ಒಳಗೊಳಗೇ ನಡೆದಾಗ ಕೆಚ್ಚಲು ಊದುವುದಿಲ್ಲ, ಹಾಲಿನ ಬಣ್ಣ ಬದಲಾಗುವುದಿಲ್ಲ, ಹಸು ಮೇವು ಬಿಡುವುದಿಲ್ಲ. ಹಾಲು ಮಾತ್ರ ದಿನಕ್ಕೆ ಒಂದು ಕುಡುತೆ, ಎರಡು ಕುಡುತೆ ಕಡಿಮೆಯಾಗುತ್ತ ಹೋಗುತ್ತದೆ. ಮನೆಯವರು ಹಿಂಡಿಯನ್ನು ದೂರುತ್ತಾರೆ, ಹವೆಯನ್ನು ದೂರುತ್ತಾರೆ, ಕರು ಕದ್ದು ಕುಡಿಯಿತೆನ್ನುತ್ತಾರೆ. ಎದ್ದು ಕಾಣುವ ಬಾವು ಒಂದಾದರೆ ಹೀಗೆ ಮರೆಯಲ್ಲಿರುವುದು ಹಲವು. ಕೊಟ್ಟಿಗೆಯಲ್ಲಿ ರೋಗವನ್ನು ಉಳಿಸಿಕೊಂಡು ಹರಡುವುದೂ ಈ ಮರೆಯ ಬಾವೇ.

ಈಗ ನಮ್ಮ ಕರಾವಳಿಯ ವಿಶೇಷಕ್ಕೆ ಬರೋಣ. ಜೂನ್ ತಿಂಗಳಿಂದ ಸೆಪ್ಟೆಂಬರಿನ ತನಕ ಈ ಮೂರು ತಾಲೂಕುಗಳಲ್ಲಿ ಆಕಾಶವೂ ಕಡಲೂ ಒಂದಾಗಿರುತ್ತವೆ. ವರುಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ; ಅದರ ಬಹುಪಾಲು ಈ ನಾಲ್ಕು ತಿಂಗಳಲ್ಲಿಯೇ. ಒಗೆದ ಬಟ್ಟೆ ಒಣಗುವುದಿಲ್ಲ, ಕೊಟ್ಟಿಗೆಯ ನೆಲ ಆರುವುದಿಲ್ಲ. ಚಿರೆಕಲ್ಲಿನ ನೆಲ ಗಂಜಲವನ್ನು ಹೀರಿಕೊಂಡು ಒಳಗೇ ಇಟ್ಟುಕೊಳ್ಳುತ್ತದೆ. ರೋಗಾಣುಗಳಿಗೆ ಬೇಕಾದುದು ಮೂರು: ಹದವಾದ ಸೆಕೆ, ತೇವ, ಹೊಲಸು. ನಮ್ಮ ಮಳೆಗಾಲದ ಕೊಟ್ಟಿಗೆಯಲ್ಲಿ ಮೂರೂ ಧಾರಾಳ. ಸಗಣಿಯಲ್ಲಿರುವ ಇ. ಕೋಲಿ ಎಂಬ ರೋಗಾಣು ಅನುಕೂಲ ಸಿಕ್ಕರೆ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು.

ಇದರ ಜೊತೆಗೆ ಇನ್ನೊಂದು ಸಂಗತಿಯುಂಟು. ಉತ್ತರ ಕನ್ನಡದ ತೋಟಿಗರಿಗೆ ಸೊಪ್ಪಿನ ಬೆಟ್ಟವೆಂಬ ಹಕ್ಕು ಹಿಂದಿನಿಂದ ಬಂದಿದೆ. ಬೆಟ್ಟದಿಂದ ಮಳೆಗಾಲದಲ್ಲಿ ಹಸಿಸೊಪ್ಪನ್ನೂ ಬೇಸಗೆಯಲ್ಲಿ ಉದುರಿದ ಒಣ ಎಲೆಯನ್ನೂ ತಂದು ಕೊಟ್ಟಿಗೆಯಲ್ಲಿ ಹಾಸುತ್ತಾರೆ. ಹಸು ಅದರ ಮೇಲೆ ಮಲಗಿ, ತುಳಿದು, ಸಗಣಿ ಗಂಜಲಗಳನ್ನು ಬೆರೆಸುತ್ತದೆ. ಅದೇ ಮುಂದೆ ಅಡಿಕೆಯ ಬುಡಕ್ಕೆ ಗೊಬ್ಬರ. ಎಷ್ಟೋ ಮನೆಗಳಲ್ಲಿ ಹಸುವನ್ನು ಸಾಕುವುದು ಹಾಲಿಗೆ ಎಂಬುದಕ್ಕಿಂತ ಗೊಬ್ಬರಕ್ಕೆ ಎಂದರೇ ಸರಿ. ಆ ಕಾಲದ ಹಸುವಾದರೂ ಎಂಥದು? ಮಲೆನಾಡು ಗಿಡ್ಡ. ಮೊಣಕಾಲೆತ್ತರದ ಕಲ್ಲುಗೋಡೆಯನ್ನು ಹಾರಿ ಬೇಲಿಯಾಚೆಯ ಹುಲ್ಲನ್ನು ಮೇದು ಬರುವ ಚುರುಕು ಜೀವ. 2012ರಲ್ಲಿ ಅದಕ್ಕೆ ಪ್ರತ್ಯೇಕ ತಳಿಯೆಂಬ ಮನ್ನಣೆ ದೊರೆಯಿತು. ಅದರ ಕೆಚ್ಚಲು ಸಣ್ಣದು, ಹೊಟ್ಟೆಗೆ ಅಂಟಿಕೊಂಡದ್ದು. ಕರು ಕುಡಿದು ಉಳಿದ ಒಂದೆರಡು ಲೀಟರನ್ನು ಮನೆಯವರು ಕರೆದುಕೊಳ್ಳುತ್ತಿದ್ದರು. ಗಿಡ್ಡ ಹಸುವಿಗೆ ಬಾವು ಬಂದು ನನ್ನನ್ನು ಕರೆದ ಸಂದರ್ಭಗಳು ನನ್ನ ಸೇವಾವಧಿಯಲ್ಲಿ ಬೆರಳೆಣಿಕೆಯಷ್ಟು.

ಅನಂತರ ಜೆರ್ಸಿ ಬಂತು, ಎಚ್.ಎಫ್. ಬಂತು, ಊರೂರಿಗೆ ಹಾಲಿನ ಸಂಘ ಬಂತು. ಹೊತ್ತಿಗೆ ಎಂಟು ಹತ್ತು ಲೀಟರು ಕೊಡುವ ಮಿಶ್ರತಳಿಯ ಹಸುವಿನ ಕೆಚ್ಚಲು ದೊಡ್ಡದು. ಮಲಗಿದರೆ ಹಾಸಿನ ಮೇಲೆ ಪೂರ್ತಿ ಒರಗುತ್ತದೆ. ಹಸು ಬದಲಾಯಿತು, ಕೊಟ್ಟಿಗೆ ಬದಲಾಗಲಿಲ್ಲ. ಗಿಡ್ಡನಿಗೆ ಒಗ್ಗಿದ್ದ ಹಸಿಸೊಪ್ಪಿನ ಹಾಸಿಗೆ ಜೆರ್ಸಿಯ ಕೆಚ್ಚಲಿಗೆ ರೋಗಾಣುಗಳ ಹಾಸಿಗೆಯಾಯಿತು. ಹಾಗೆಂದು ಸೊಪ್ಪನ್ನು ಬಿಡಿರೆಂದು ತೋಟಿಗನಿಗೆ ಹೇಳಲಾದೀತೆ? ತೋಟಕ್ಕೆ ಗೊಬ್ಬರ ಬೇಕು, ಹಸುವಿಗೆ ಒಣನೆಲ ಬೇಕು. ಈ ಎರಡರ ನಡುವೆ ದಾರಿ ಹುಡುಕುವುದೇ ನಮ್ಮ ಕರಾವಳಿಯಲ್ಲಿ ಕೆಚ್ಚಲಿನ ಆರೋಗ್ಯದ ಮುಖ್ಯ ಪ್ರಶ್ನೆ.

ದಾರಿ ಇಲ್ಲದಿಲ್ಲ. ಹಸು ನಿಂತು ತುಳಿಯುವ ಹಿಂಭಾಗದಲ್ಲಿ ಸೊಪ್ಪು ಇರಲಿ. ಮಲಗುವ ಜಾಗ ಅದಕ್ಕಿಂತ ಗೇಣಷ್ಟು ಎತ್ತರವಾಗಿ, ಹಿಂದಕ್ಕೆ ತುಸು ಇಳಿಜಾರಾಗಿ, ಒಣಗಿರಲಿ. ಹಾಸನ್ನು ವಾರಕ್ಕೊಮ್ಮೆ ಅಲ್ಲ, ದಿನವೂ ಎಳೆದು ಗೊಬ್ಬರದ ಗುಂಡಿಗೆ ಹಾಕಲಿ. ಗೊಬ್ಬರವಾಗುವ ಕೆಲಸ ಗುಂಡಿಯಲ್ಲಿಯೂ ನಡೆಯುತ್ತದೆ. ಕೆಚ್ಚಲಿನ ಕೆಳಗೇ ನಡೆಯಬೇಕೆಂಬ ನಿಯಮವಿಲ್ಲ. ಬೇಸಗೆಯಲ್ಲಿ ಒಟ್ಟಿಟ್ಟ ಒಣ ಎಲೆಯ ಒಂದು ಪಾಲನ್ನು ಮಳೆಗಾಲಕ್ಕೆಂದು ಕಾದಿರಿಸಿದರೆ ಮಲಗುವ ಜಾಗಕ್ಕೆ ಅದಕ್ಕಿಂತ ಒಳ್ಳೆಯ ಹಾಸು ಬೇರೆ ಬೇಡ. ಅಘನಾಶಿನಿಯ ಅಳಿವೆಯ ಚಿಪ್ಪನ್ನು ಸುಟ್ಟು ಮಾಡಿದ ಸುಣ್ಣ ನಮ್ಮ ಕಡೆಯವರಿಗೆ ಹೊಸದಲ್ಲ. ನೀರು ಹಾಕಿ ಅರಳಿಸಿ, ಆರಿದ ಸುಣ್ಣದ ಪುಡಿಯನ್ನು ನೆಲಕ್ಕೆ ತೆಳುವಾಗಿ ಎರಚಿ ಮೇಲೆ ಒಣ ಹಾಸು ಹಾಕಿದರೆ ರೋಗಾಣು ತಗ್ಗುತ್ತದೆ. ಹೆಚ್ಚಾದರೆ ಮೊಲೆಯ ಚರ್ಮ ಸುಡುತ್ತದೆ ಎಂಬ ಎಚ್ಚರವಿರಲಿ.

ಇಷ್ಟು ಹೇಳಿದ್ದು ಹಾಸಿನಲ್ಲಿಯೂ ಸಗಣಿಯಲ್ಲಿಯೂ ಇದ್ದು ಕೆಚ್ಚಲಿಗೆ ಬರುವ ರೋಗಾಣುಗಳ ವಿಷಯ. ಎರಡನೆಯ ಬಗೆಯವು ಬೇರೆ. ಅವು ಇರುವುದೇ ರೋಗಿಯಾದ ಕೆಚ್ಚಲಿನಲ್ಲಿ. ಒಂದು ಹಸುವಿನಿಂದ ಇನ್ನೊಂದಕ್ಕೆ ಅವುಗಳನ್ನು ಹೊತ್ತು ಸಾಗಿಸುವವರು ಹಾಲು ಕರೆಯುವ ನಾವೇ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಆದರೆ ಕಲಿತದ್ದು ಒಂದು ಮನೆಯ ಕೊಟ್ಟಿಗೆಯಲ್ಲಿ, ಆ ಮನೆಗೆ ನಷ್ಟ ಮಾಡಿ. ಅದನ್ನು ಮುಚ್ಚಿಟ್ಟು ಈ ಭಾಷಣ ಮಾಡುವುದು ಸರಿಯಲ್ಲವೆಂದು ಹೇಳುತ್ತಿದ್ದೇನೆ.

1986ರ ಮಳೆಗಾಲ. ಹೊನ್ನಾವರದಿಂದ ಗೇರುಸೊಪ್ಪೆಯ ಕಡೆಗೆ ಶರಾವತಿಯ ದಂಡೆಯಲ್ಲಿ ಒಂದು ಮನೆ. ಗಂಡನನ್ನು ಕಳೆದುಕೊಂಡ ತಾಯಿ, ಕಾಲೇಜಿಗೆ ಹೋಗುವ ಒಬ್ಬ ಮಗಳು, ಮೂರು ಮಿಶ್ರತಳಿಯ ಹಸುಗಳು. ಹಾಲಿನ ದುಡ್ಡಿನಲ್ಲಿಯೇ ಮಗಳ ಓದು. ದೊಡ್ಡ ಹಸುವಿಗೆ ಬಾವು ಬಂದಿತೆಂದು ಕರೆ ಬಂತು. ಹೋದೆ, ಚುಚ್ಚುಮದ್ದು ಕೊಟ್ಟೆ, ಮೊಲೆಯೊಳಗೆ ಔಷಧ ಏರಿಸಿದೆ. ಹೊರಡುವಾಗ ತಿಳಿದವನ ಗತ್ತಿನಲ್ಲಿ ಹೇಳಿದೆ: “ಅಮ್ಮ, ಶುಚಿಯೇ ಮದ್ದು. ಇನ್ನು ಮೇಲೆ ಕರೆಯುವ ಮೊದಲು ಎಲ್ಲ ಹಸುಗಳ ಕೆಚ್ಚಲನ್ನೂ ಬೆಚ್ಚನೆಯ ನೀರಿನಲ್ಲಿ ತೊಳೆದು, ಶುಭ್ರವಾದ ಬಟ್ಟೆಯಿಂದ ಒರೆಸಿರಿ.”

ಮೂರು ವಾರಗಳಲ್ಲಿ ಎರಡನೆಯ ಹಸುವಿಗೆ ಬಾವು. ಮತ್ತೆ ಹತ್ತು ದಿನಕ್ಕೆ ಮೂರನೆಯದಕ್ಕೆ. ನನಗೆ ಸಿಟ್ಟು ಬಂತೆಂದೇ ಹೇಳಬೇಕು. “ನಾನು ಹೇಳಿದ್ದನ್ನು ನೀವು ಮಾಡಿಲ್ಲ” ಎಂದೆ. ಆಕೆ ಏನೂ ಅನ್ನದೆ ಒಳಗೆ ಹೋಗಿ ಒಂದು ಬಟ್ಟೆಯನ್ನು ತಂದು ತೋರಿಸಿದರು. “ದಿನಾ ಎರಡು ಹೊತ್ತೂ ಒರೆಸಿದ್ದೇನೆ ಡಾಕ್ಟ್ರೇ. ರಾತ್ರಿ ಸಾಬೂನು ಹಾಕಿ ಒಗೆದು ಒಲೆಯ ಮೇಲೆ ಒಣಗಿಸುತ್ತೇನೆ.” ಬಟ್ಟೆ ಮಲ್ಲಿಗೆಯಷ್ಟು ಬಿಳಿಯಾಗಿತ್ತು. ಮೂರು ಹಸುಗಳಿಗೆ ಒಂದೇ ಬಟ್ಟೆ, ಒಂದೇ ತಂಬಿಗೆಯ ನೀರು. ದೊಡ್ಡ ಹಸುವೆಂಬ ಗೌರವದಿಂದ, ಬಾವು ಬಂದಿದ್ದ ಆ ಹಸುವಿನದೇ ಮೊದಲ ಸರದಿ. ಪ್ರಯೋಗಾಲಯಕ್ಕೆ ಕಳಿಸಿದ ಹಾಲಿನ ಮಾದರಿಗಳಲ್ಲಿ ಮೂರರಲ್ಲಿಯೂ ಸ್ಟೆಫಿಲೊಕಾಕಸ್ ಎಂಬ ಒಂದೇ ಬಗೆಯ ರೋಗಾಣು ಕಂಡಿತು. ನಾನು ಹೇಳಿದ್ದನ್ನು ಆಕೆ ಅಕ್ಷರಶಃ ಮಾಡಿದ್ದರು. ಹೇಳಬೇಕಾದುದನ್ನು ಪೂರ್ತಿ ಹೇಳದೆ ಇದ್ದವನು ನಾನು.

ಇಂಗ್ಲೆಂಡಿನ ರೆಡಿಂಗ್ ಸಮೀಪದ ರಾಷ್ಟ್ರೀಯ ಹೈನು ಸಂಶೋಧನಾಲಯದಲ್ಲಿ ಫ್ರಾಂಕ್ ಡಾಡ್ ಮತ್ತು ಸಂಗಡಿಗರು 1960ರ ದಶಕದಲ್ಲಿಯೇ ಇದನ್ನು ಪ್ರಯೋಗ ಮಾಡಿ ತೋರಿಸಿದ್ದರು. ಕರೆಯುವವರ ಕೈ, ಎಲ್ಲ ಹಸುಗಳಿಗೂ ಬಳಸುವ ಒರೆಸುವ ಬಟ್ಟೆ, ಕರೆಯುವ ಯಂತ್ರದ ಬಟ್ಟಲು, ಇವೇ ಈ ರೋಗದ ವಾಹನಗಳು. ಅವರ ಅನುಭವದಿಂದ ಹುಟ್ಟಿದ ಐದು ಸೂತ್ರಗಳು ಲೋಕದ ಹೈನುಗಾರರಿಗೆಲ್ಲ ಪರಿಚಿತವಾದವು: ಕರೆದ ಬಳಿಕ ಮೊಲೆಯನ್ನು ರೋಗಾಣುನಾಶಕದಲ್ಲಿ ಅದ್ದುವುದು, ಹಾಲು ಬತ್ತಿಸುವಾಗ ಚಿಕಿತ್ಸೆ ಮಾಡುವುದು, ಬಾವು ಕಂಡೊಡನೆ ಔಷಧ ಕೊಡುವುದು, ಮತ್ತೆ ಮತ್ತೆ ಬಾವು ಬರುವ ಹಸುವನ್ನು ಹಿಂಡಿನಿಂದ ಬೇರ್ಪಡಿಸುವುದು, ಕರೆಯುವ ಯಂತ್ರವನ್ನು ಸುಸ್ಥಿತಿಯಲ್ಲಿಡುವುದು.

ಆ ಮನೆಯ ಒಂದು ಹಸು ಎರಡು ಮೊಲೆಗಳನ್ನು ಕಳೆದುಕೊಂಡು ಅರ್ಧ ಬೆಲೆಗೆ ಮಾರಿಹೋಯಿತು. ಮಗಳ ಓದು ಒಂದು ವರುಷ ನಿಂತಿತು. ತಾಯಿ ನನ್ನನ್ನು ಒಂದು ಮಾತೂ ಆಡಲಿಲ್ಲ. ಮುಂದೆಯೂ ಕರೆದಾಗಲೆಲ್ಲ ಚಹಾ ಕೊಟ್ಟೇ ಕಳಿಸುತ್ತಿದ್ದರು. ಅಂದಿನಿಂದ ನಾನು ಯಾವ ಮನೆಯಲ್ಲಿಯೂ ‘ಶುಚಿಯಾಗಿಡಿ’ ಎಂದಷ್ಟೇ ಹೇಳಿ ಎದ್ದವನಲ್ಲ. ಹೇಗೆ ಎಂಬುದನ್ನು ಮಾಡಿಯೇ ತೋರಿಸಿದ್ದೇನೆ. ಇಂದು ಮಾಡಿ ತೋರಿಸುವಂತಿಲ್ಲ, ಮಾತಿನಲ್ಲಿಯೇ ಹೇಳುತ್ತೇನೆ.

ಕರೆಯಲು ಕುಳಿತುಕೊಳ್ಳುವ ಮೊದಲು ಕೈಯನ್ನು ಸಾಬೂನಿನಿಂದ ತೊಳೆಯಬೇಕು; ಉಗುರು ಕತ್ತರಿಸಿರಬೇಕು. ಒಂದು ಹಸುವಾದ ಮೇಲೆ ಇನ್ನೊಂದಕ್ಕೆ ಹೋಗುವ ಮುನ್ನ ಮತ್ತೆ ತೊಳೆಯಬೇಕು. ಕೆಚ್ಚಲಿನ ಮೇಲೆಲ್ಲ ನೀರು ಸುರಿಯುವುದು ಬೇಡ; ಮೇಲಿನ ಹೊಲಸು ಇಳಿದು ಮೊಲೆಯ ತುದಿಗೇ ಬಂದು ನಿಲ್ಲುತ್ತದೆ. ಮೊಲೆಗಳನ್ನು ಮಾತ್ರ ತೊಳೆದು, ಒಂದು ಹಸುವಿಗೆ ಒಂದರಂತೆ ಬೇರೆ ಬೇರೆ ಬಟ್ಟೆಯಿಂದ ಒಣಗುವಂತೆ ಒರೆಸಬೇಕು. ಹಳೆಯ ಪಂಚೆಯನ್ನು ಹರಿದರೆ ಹತ್ತು ತುಂಡಾಗುತ್ತದೆ. ಬಳಸಿದ ತುಂಡುಗಳನ್ನು ಕುದಿಸಿ ಒಣಗಿಸಿದರಾಯಿತು. ಕರು ಮೊದಲು ಕುಡಿದು ಸೊರೆ ಬಿಡಿಸುವ ಪದ್ಧತಿಯಿದ್ದಲ್ಲಿ, ಕರುವನ್ನು ಬಿಡಿಸಿದ ಮೇಲೆ ಒರೆಸಬೇಕು.

ಒಂದೊಂದು ಮೊಲೆಯ ಮೊದಲ ಎರಡು ಮೂರು ಧಾರೆಗಳನ್ನು ಪಾತ್ರೆಗೆ ಬಿಡಬಾರದು, ನೆಲಕ್ಕೂ ಬಿಡಬಾರದು. ಒಂದು ಬಟ್ಟಲಿನ ಬಾಯಿಗೆ ಕರಿಯ ಬಟ್ಟೆ ಕಟ್ಟಿ ಅದರ ಮೇಲೆ ಹಿಂಡಿರಿ. ಸಣ್ಣ ಗರಣೆಯಿದ್ದರೂ ಕರಿಯದರ ಮೇಲೆ ಬಿಳಿಯದಾಗಿ ಕಾಣುತ್ತದೆ. ಅದು ಕಾಣುವ ಬಾವಿನ ಪರೀಕ್ಷೆ. ಕಾಣದ ಬಾವಿಗೆ 1957ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಶಾಲ್ಮ್ ಮತ್ತು ನೂರ್ಲ್ಯಾಂಡರ್ ಎಂಬಿಬ್ಬರು ಸುಲಭವಾದ ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಅದರ ತತ್ತ್ವ ಸರಳ. ಬಾವಿರುವ ಕೆಚ್ಚಲಿನ ಹಾಲಿನಲ್ಲಿ ಕಾಳಗಕ್ಕೆ ಬಂದ ಬಿಳಿಯ ಕಣಗಳು ವಿಪರೀತವಾಗಿರುತ್ತವೆ. ಆರೋಗ್ಯದ ಹಾಲಿನಲ್ಲಿ ಮಿಲಿಲೀಟರಿಗೆ 2 ಲಕ್ಷಕ್ಕಿಂತ ಕಡಿಮೆಯಿರುವ ಕಣಗಳು ರೋಗದಲ್ಲಿ ಹಲವು ಲಕ್ಷಕ್ಕೇರುತ್ತವೆ. ಮಾರ್ಜಕದ ದ್ರವ ಬೆರೆತಾಗ ಆ ಕಣಗಳು ಒಡೆದು ಹಾಲು ಲೋಳೆಯಾಗುತ್ತದೆ. ಬಟ್ಟೆ ಒಗೆಯುವ ಪುಡಿಯಿಂದಲೂ ಇದನ್ನು ಮಾಡಬಹುದು: 100 ಮಿಲಿಲೀಟರ್ ನೀರಿಗೆ 3 ಗ್ರಾಂ ಪುಡಿ ಕರಗಿಸಿ, ಒಂದೊಂದು ಮೊಲೆಯ ಹಾಲನ್ನು ಬೇರೆ ಬೇರೆ ಬಟ್ಟಲಿಗೆ ತೆಗೆದುಕೊಂಡು, ಅಷ್ಟೇ ಪ್ರಮಾಣದ ದ್ರವ ಸೇರಿಸಿ ಮೆಲ್ಲನೆ ತಿರುಗಿಸುವುದು. ನೀರಾಗಿಯೇ ಉಳಿದರೆ ಕ್ಷೇಮ. ಲೋಳೆಗಟ್ಟಿದರೆ ಆ ಕೋಣೆಯಲ್ಲಿ ಬಾವಿದೆ. ಕರು ಹಾಕಿದ ಮೊದಲ ಕೆಲವು ದಿನ ಗಿಣ್ಣುಹಾಲಿನ ಕಾರಣದಿಂದ ಈ ಪರೀಕ್ಷೆ ತಪ್ಪು ತೋರಿಸುತ್ತದೆ; ಆಗ ಮಾಡುವುದು ಬೇಡ. ಹದಿನೈದು ದಿನಕ್ಕೊಮ್ಮೆ ಮಾಡಿದರೆ ಸಾಕು. ಬಾವಿದೆಯೆಂದು ಗೊತ್ತಾದ ಹಸುವನ್ನು ಕೊನೆಯಲ್ಲಿ ಕರೆಯಬೇಕು. ನಾನು ಆ ತಾಯಿಗೆ ಹೇಳದೆ ಬಿಟ್ಟ ಎರಡನೆಯ ಮಾತು ಇದು.

ಕರೆಯುವ ಬಗೆಯೂ ಮುಖ್ಯ. ಹೆಬ್ಬೆರಳನ್ನು ಮಡಚಿ ಅದರ ಗೆಣ್ಣಿನಿಂದ ಮೊಲೆಯನ್ನು ಒತ್ತಿ ಎಳೆಯುವ ರೂಢಿ ನಮ್ಮಲ್ಲಿ ಬಹಳ. ಅದರಿಂದ ಮೊಲೆಯ ಒಳಪದರ ಜಜ್ಜಿ ಗಾಯವಾಗುತ್ತದೆ; ಗಾಯವಾದಲ್ಲಿ ರೋಗಾಣು ನೆಲೆ ಹೂಡುತ್ತದೆ. ಅಂಗೈಯೊಳಗೆ ಮೊಲೆಯನ್ನು ತುಂಬಿ ಹಿಡಿದು, ಮೇಲಿನಿಂದ ಕೆಳಗೆ ಬೆರಳುಗಳನ್ನು ಒಂದೊಂದಾಗಿ ಬಿಗಿಯುತ್ತ ಹಿಂಡುವುದು ಸರಿಯಾದ ಕ್ರಮ. ಮೊಲೆ ತೀರ ಚಿಕ್ಕದಾದ ಗಿಡ್ಡ ಹಸುವಿಗೆ ಎರಡು ಬೆರಳೇ ಗತಿ. ಆಗ ಎಳೆತ ಹಗುರವಾಗಿರಲಿ. ಹಾಲಿನಲ್ಲಿಯೇ ಬೆರಳದ್ದಿ ನುಣುಪು ಮಾಡಿಕೊಳ್ಳುವ ಚಾಳಿ ಬೇಡ. ಹಸು ಸೊರೆ ಬಿಟ್ಟ ಮೇಲೆ ಆ ಪ್ರೇರಣೆ ಕೆಲವೇ ನಿಮಿಷ ನಿಲ್ಲುತ್ತದೆ. ಅಷ್ಟರೊಳಗೆ, ಮಾತುಕತೆಗೆ ಎಡೆಗೊಡದೆ, ಪೂರ್ತಿ ಕರೆದು ಮುಗಿಸಬೇಕು.

ಕರೆದಾದ ಕೂಡಲೆ ಬಾಗಿಲು ಮುಚ್ಚುವುದಿಲ್ಲ. ಮೊಲೆಯ ನಾಳ ಮತ್ತೆ ಬಿಗಿಯಲು ಅರ್ಧ ತಾಸಿನಿಂದ ಎರಡು ತಾಸಿನವರೆಗೂ ಬೇಕು. ಆ ಹೊತ್ತಿನಲ್ಲಿ ಹಸು ಮಲಗಿದರೆ ತೆರೆದ ಬಾಗಿಲನ್ನು ಸಗಣಿಗೇ ಒಡ್ಡಿದಂತೆ. ಹೀಗಾಗಿ ಕರೆದ ತಕ್ಷಣ ಮೊಲೆಯ ತುದಿಯನ್ನು ಅರ್ಧ ಶೇಕಡಾ ಅಯೊಡಿನ್ ಇರುವ, ಗ್ಲಿಸರಿನ್ ಬೆರೆಸಿದ ದ್ರವದಲ್ಲಿ ಅದ್ದಬೇಕು. ಇದಕ್ಕೆಂದೇ ತಯಾರಾದ ದ್ರವ ಔಷಧದ ಅಂಗಡಿಗಳಲ್ಲಿ ಸಿಗುತ್ತದೆ. ಒಂದು ಹಸುವಿಗೆ ತಗಲುವ ಖರ್ಚು ಅತ್ಯಲ್ಪ. ಆಮೇಲೆ ಗೋದಲಿಗೆ ಹಸಿಹುಲ್ಲು ಹಾಕಿರಿ. ನಮ್ಮವರು ಕರೆಯುವ ಮೊದಲೇ ಹಿಂಡಿಯನ್ನೂ ಹುಲ್ಲನ್ನೂ ಹಾಕಿಬಿಡುತ್ತಾರೆ. ಹಸು ತಿಂದು ಮುಗಿಸಿ, ಕರೆಸಿಕೊಂಡು, ನೇರವಾಗಿ ಮಲಗುತ್ತದೆ. ಹಿಂಡಿ ಮೊದಲು ಇರಲಿ, ಹುಲ್ಲು ಆಮೇಲೆ ಇರಲಿ. ಮೇಯುತ್ತ ನಿಂತಿರುವಷ್ಟು ಹೊತ್ತು ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ದುಡ್ಡಿಲ್ಲದ ಈ ಒಂದು ಉಪಾಯವನ್ನು ಎಲ್ಲರೂ ಅನುಸರಿಸಿದರೂ ಎಷ್ಟೋ ಕೆಚ್ಚಲುಗಳು ಉಳಿದಾವು. ಹಸಿಹುಲ್ಲಿನಿಂದ ಇನ್ನೊಂದು ಲಾಭವೂ ಉಂಟು. ಅದರಲ್ಲಿರುವ ಇ ಜೀವಸತ್ವ, ಸೆಲೆನಿಯಂ ಎಂಬ ಖನಿಜದೊಡನೆ ಸೇರಿ, ಬಿಳಿಯ ಕಣಗಳಿಗೆ ಕಾದಾಡುವ ಬಲ ಕೊಡುತ್ತದೆ. ಬರಿಯ ಬೈಹುಲ್ಲಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ.

ಹಾಲು ಬತ್ತಿಸುವ ಕಾಲ ಇನ್ನೊಂದು ಅಪಾಯದ ಕಾಲ. ಮುಂದಿನ ಕರುವಿಗೆ ಎರಡು ತಿಂಗಳಿರುವಾಗ ಕರೆಯುವುದನ್ನು ನಿಲ್ಲಿಸಿ ಕೆಚ್ಚಲಿಗೆ ವಿಶ್ರಾಂತಿ ಕೊಡಬೇಕು. ನಿಲ್ಲಿಸಿದ ಮೊದಲ ಎರಡು ಮೂರು ವಾರಗಳಲ್ಲಿ, ಮತ್ತೆ ಕರು ಹಾಕುವ ಆಸುಪಾಸಿನಲ್ಲಿ, ಹೊಸ ರೋಗ ಅಂಟುವುದು ಹೆಚ್ಚು. ‘ಹಾಲಿಲ್ಲದ ಹಸು’ವೆಂದು ಅದನ್ನು ಕೊಟ್ಟಿಗೆಯ ಕೆಸರುಮೂಲೆಗೆ ಕಟ್ಟುವುದು ನಮ್ಮಲ್ಲಿ ಸಾಮಾನ್ಯ. ಒಣಗಿದ, ಒಳ್ಳೆಯ ಜಾಗ ಸಲ್ಲಬೇಕಾದುದು ಅದಕ್ಕೇ. ಕಾಣದ ಬಾವಿದ್ದ ಹಸುವಿಗೆ ಬತ್ತಿಸುವಾಗ ಮೊಲೆಯೊಳಗೆ ದೀರ್ಘಕಾಲ ನಿಲ್ಲುವ ಔಷಧ ಹಾಕುವ ಕ್ರಮವುಂಟು. ಹಿಂದೆ ಎಲ್ಲ ಹಸುಗಳಿಗೂ ಹಾಕಿ ಎನ್ನುತ್ತಿದ್ದೆವು. ಈಗ ಪರೀಕ್ಷೆ ಮಾಡಿ, ರೋಗವಿದ್ದ ಹಸುವಿಗೆ ಮಾತ್ರ ಸಾಕೆಂಬ ವಿವೇಕ ಬಂದಿದೆ. ಆರೋಗ್ಯದ ಹಸುಗಳಿಗೂ ರೂಢಿಯಂತೆ ಜೀವಿರೋಧಕ ಕೊಡುವುದನ್ನು ಯುರೋಪಿನ ಒಕ್ಕೂಟ 2022ರ ಜನವರಿಯಿಂದ ನಿಷೇಧಿಸಿದೆ.

ಅದಕ್ಕೆ ಕಾರಣವಿದೆ, ಪೇಟೆಯ ಲೋಟದ ಮಾತು ಬರುವುದೂ ಇಲ್ಲಿಯೇ. ಎರಡನೆಯ ಮಹಾಯುದ್ಧದ ಬಳಿಕ ಪೆನಿಸಿಲಿನ್ ಹಸುವಿನ ಕೆಚ್ಚಲಿಗೂ ಬಂದಾಗ ರೋಗ ತೊಲಗಿತೆಂದೇ ಜನ ನಂಬಿದರು. ಆದರೆ ಸ್ಟೆಫಿಲೊಕಾಕಸ್ ಜಾತಿಯ ರೋಗಾಣು ಕೆಚ್ಚಲಿನ ಒಳಗೆ ಸಣ್ಣ ಸಣ್ಣ ಕೀವುಗಂಟುಗಳಲ್ಲಿ ಅಡಗಿ ಕೂರುತ್ತದೆ. ಔಷಧ ಅಲ್ಲಿಗೆ ತಲುಪುವುದು ಕಷ್ಟ. ಎರಡು ದಿನ ಕೊಟ್ಟು ಹಾಲು ತಿಳಿಯಾದೊಡನೆ ನಿಲ್ಲಿಸಿಬಿಟ್ಟರೆ ಸತ್ತವು ದುರ್ಬಲ ರೋಗಾಣುಗಳು, ಉಳಿದವು ಔಷಧಕ್ಕೆ ಬಗ್ಗದವು. ಅಂಥವು ಹೆಚ್ಚುತ್ತ ಹೋದರೆ ನಾಳೆ ಹಸುವಿಗೂ ಮನುಷ್ಯನಿಗೂ ಅದೇ ಔಷಧ ನಾಟುವುದಿಲ್ಲ. ಇನ್ನು, ಔಷಧ ಕೊಟ್ಟ ಹಸುವಿನ ಹಾಲಿನಲ್ಲಿ ಅದರ ಅಂಶ ಕೆಲವು ದಿನ ಇಳಿಯುತ್ತದೆ. ಎಷ್ಟು ದಿನ ಹಾಲನ್ನು ಮಾರಬಾರದೆಂಬುದು ಔಷಧದ ಚೀಟಿಯ ಮೇಲೆ ಅಚ್ಚಾಗಿರುತ್ತದೆ. ಹಾಲನ್ನು ಎಷ್ಟು ಕುದಿಸಿದರೂ ಔಷಧದ ಅಂಶವೆಲ್ಲ ಹೋಗುವುದಿಲ್ಲ. ಸ್ಟೆಫಿಲೊಕಾಕಸ್ ಹಾಲಿಗೆ ಬಿಟ್ಟ ವಿಷವೂ ಕುದಿತಕ್ಕೆ ಜಗ್ಗುವುದಿಲ್ಲ. ಬಾವಿನ ಹಾಲಿನಲ್ಲಿ ಸಕ್ಕರೆಯ ಅಂಶ ಇಳಿದು ಉಪ್ಪಿನ ಅಂಶ ಏರುತ್ತದೆ, ಗಿಣ್ಣಾಗುವ ಸಾರ ತಗ್ಗುತ್ತದೆ. ಕಾಯಿಸುವಾಗ ಒಡೆಯುವ ಹಾಲಿಗೆ, ಸರಿಯಾಗಿ ಹೆಪ್ಪಾಗದ ಮೊಸರಿಗೆ ಒಮ್ಮೊಮ್ಮೆ ಇದೂ ಕಾರಣ.

ಹಾಗಾದರೆ ನಿಮ್ಮ ವರ್ತನೆಯ ಮನೆಯವರು, ‘ಹಸುವಿಗೆ ಮದ್ದು ಕೊಟ್ಟಿದ್ದೇವೆ, ನಾಲ್ಕು ದಿನ ಹಾಲಿಲ್ಲ’ ಎಂದು ಬಂದು ಹೇಳಿದರೆ ಮುಖ ಸಿಂಡರಿಸಬೇಡಿ, ಬೇರೆ ಮನೆಯ ಹಾಲಿಗೆ ಬದಲಾಯಿಸಿಕೊಳ್ಳಬೇಡಿ. ನಾಲ್ಕು ದಿನದ ಗಳಿಕೆಯನ್ನು ಕಳೆದುಕೊಂಡು ನಿಜ ಹೇಳಿದವರು ಅವರು. ವರ್ತನೆ ತಪ್ಪುವುದೆಂಬ ಭಯದಿಂದ ಮರೆಮಾಚಿ ಹಾಲು ಕೊಟ್ಟವರನ್ನೂ ನಾನು ಕಂಡಿದ್ದೇನೆ. ಆ ತಪ್ಪಿನಲ್ಲಿ ಕೊಳ್ಳುವವರ ಪಾಲೂ ಇದೆ.

ಮನೆಮದ್ದಿನ ವಿಷಯ ಕೇಳುವವರಿದ್ದಾರೆ. ಲೋಳೆಸರ 250 ಗ್ರಾಂ, ಅರಿಶಿನ 50 ಗ್ರಾಂ, ಸುಣ್ಣ 15 ಗ್ರಾಂ ಸೇರಿಸಿ ಅರೆದರೆ ಕೆಂಪು ಲೇಪವಾಗುತ್ತದೆ. ಅದನ್ನು ನೀರಿನಲ್ಲಿ ತೆಳುವಾಗಿಸಿ ಕೆಚ್ಚಲಿಗೆ ದಿನಕ್ಕೆ ಎಂಟು ಹತ್ತು ಬಾರಿಯಂತೆ ಐದು ದಿನ ಹಚ್ಚುವ ಕ್ರಮವನ್ನು ರಾಷ್ಟ್ರೀಯ ಹೈನುಗಾರಿಕಾ ಅಭಿವೃದ್ಧಿ ಮಂಡಳಿಯೇ ಪ್ರಚಾರ ಮಾಡುತ್ತಿದೆ. ಮೂರೂ ನಮ್ಮ ಹಿತ್ತಲು ಅಡುಗೆಮನೆಗಳಲ್ಲಿ ಇರುವಂಥವು. ಬಾವಿನ ಆರಂಭದಲ್ಲಿ ಇದನ್ನು ಹಚ್ಚಬಹುದು. ಆದರೆ ಹಸುವಿಗೆ ಜ್ವರ ಬಂದು ಮೇವು ಬಿಟ್ಟರೆ, ಕೆಚ್ಚಲು ತಣ್ಣಗಾಗಿ ನೀಲಿಗಟ್ಟಿದರೆ, ಲೇಪವನ್ನು ನಂಬಿ ಕೂರಬಾರದು. ಆಗ ಒಂದೊಂದು ತಾಸೂ ಜೀವದ ಪ್ರಶ್ನೆ. ಪಶುವೈದ್ಯರನ್ನು ಕರೆಯಲೇಬೇಕು.

ದೀಪಾವಳಿಯ ಪಾಡ್ಯದಂದು ನಮ್ಮ ಕಡೆಯಲ್ಲಿ ಹಸುವಿಗೆ ಮೀಯಿಸಿ, ಕೊರಳಿಗೆ ಅಡಿಕೆ ಸಿಂಗಾರಗಳ ಮಾಲೆ ಹಾಕಿ ಪೂಜೆ ಮಾಡುತ್ತಾರೆ. ಮಳೆ ಹಿಂದೆಗೆದು ಕೊಟ್ಟಿಗೆಯ ನೆಲ ಆರುವ ಸಮಯವದು. ಕೆಲವು ವರುಷಗಳ ಹಿಂದೆ ಆ ದಿನ ಶರಾವತಿಯ ದಂಡೆಯ ಆ ಮನೆಗೆ ಹೋಗಿದ್ದೆ. ತಾಯಿ ಈಗಿಲ್ಲ. ಓದು ಮುಗಿಸಿ ಹತ್ತಿರದಲ್ಲಿಯೇ ಶಾಲೆಯಲ್ಲಿ ಕಲಿಸುವ ಮಗಳು ಎರಡು ಹಸು ಕಟ್ಟಿದ್ದಾರೆ. ಕೊಟ್ಟಿಗೆಯ ಗೋಡೆಗೆ ಎರಡು ಮೊಳೆ. ಒಂದೊಂದರಲ್ಲಿ ಒಂದೊಂದು ಬಟ್ಟೆಯ ತುಂಡು, ಬೇರೆ ಬೇರೆ ಬಣ್ಣದ್ದು. ಅದನ್ನು ನೋಡುತ್ತ ನಿಂತಿದ್ದ ನನ್ನನ್ನು ಕಂಡು ಆಕೆ, “ಅಮ್ಮ ಇದೊಂದನ್ನು ಮಾತ್ರ ಕೊನೆಯವರೆಗೂ ಬಿಟ್ಟುಕೊಡಲಿಲ್ಲ” ಎಂದರು. ಮೊದಲ ಭೇಟಿಯಲ್ಲಿಯೇ ನಾನು ಹೇಳಬೇಕಾಗಿದ್ದ ಮಾತು ಅದು. ಇಂದು ನಿಮ್ಮೆಲ್ಲರ ಮುಂದೆ ಹೇಳಿದ್ದೇನೆ. ಕೊಟ್ಟಿಗೆಯುಳ್ಳ ಬಂಧುಗಳು ಯಾರಾದರೂ ನಿಮಗಿದ್ದರೆ ದಯವಿಟ್ಟು ಅವರಿಗೂ ತಲುಪಿಸಿರಿ.